ಎರಡು ಕೆಂಪು ಗೆರೆ

ಆ ಮನೆಯಲ್ಲಿದ್ದ ಮೇಜು ಒಂದೇ. ಊಟಕ್ಕೂ ಅದೇ, ಇಸ್ತ್ರಿಗೂ ಅದೇ, ತರಕಾರಿ ಹೆಚ್ಚುವುದಕ್ಕೂ ಅದೇ. ಅಂಥ ಮೇಜಿನ ಮೇಲೆ ಒಂದು ಗುರುವಾರ ಸಂಜೆ ರೇಸಿನ ಕಾರು ಬಂದು ಕೂತಿತು. ಕಾರು ಅಂದರೆ ಕಾರಲ್ಲ, ಕಾರಿನ ಪೆಟ್ಟಿಗೆ. ಒಳಗೆ ಮುನ್ನೂರಕ್ಕೂ ಮೀರಿದ ಪ್ಲಾಸ್ಟಿಕ್ ಚೂರುಗಳು, ಯಾವ ಚೂರು ಎಲ್ಲಿಗೆ ಅಂಟಬೇಕೆಂದು ಚಿತ್ರ ಬರೆದು ತೋರಿಸಿದ ಒಂದು ಪುಸ್ತಕ. ಮುಚ್ಚಳದ ಮೇಲೆ ಅಜ್ಜನ ಕಾಲದ ರೇಸಿನ ಗಾಡಿಯ ಚಿತ್ರ: ಒಬ್ಬನೇ ಕೂರುವಂಥದ್ದು, ಉದ್ದ ಮೂತಿ, ಸೈಕಲ್ಲಿನ ಹಾಗೆ ಕಡ್ಡಿ ಕಡ್ಡಿ ಚಕ್ರ, ಕೆನೆ ಬಣ್ಣದ ಮೈಮೇಲೆ ಮೂತಿಯಿಂದ ಬಾಲದ ತನಕ ಎರಡು ಕೆಂಪು ಗೆರೆ.

"ಇದೇನ್ರೀ, ಮೊಮ್ಮಕ್ಕಳಿಲ್ಲದ ಮನೆಗೆ ಆಟದ ಸಾಮಾನು?" ಎಂದಳು ಅಮ್ಮ. ಹೇಳಿದ ಮೇಲೆ ಮಗಳ ಕಡೆ ನೋಡಿ ನಾಲಿಗೆ ಕಚ್ಚಿಕೊಂಡಳು. ಮಗಳು ಗಂಡನ ಮನೆ ಬಿಟ್ಟು ಬಂದು ಆರು ವರ್ಷವಾಗಿತ್ತು. ಇಂಥ ಮಾತುಗಳನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು.

"ಆಟದ ಸಾಮಾನಲ್ಲ ಕಣೇ, ಕೆಲಸ," ಎಂದು ಅಪ್ಪ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದುಕೊಂಡ.

ಅಪ್ಪನಿಗೆ ಹೊರಗೆಲ್ಲ ಗೆರೆ ಮೇಸ್ತ್ರಿ ಅಂತಲೇ ಹೆಸರು. ಗಾಡಿಗಳಿಗೆ ಬಣ್ಣ ಹೊಡೆಯುವ ಶೆಡ್ಡಿನಲ್ಲಿ ಮೂವತ್ತೈದು ವರ್ಷ ಅವನು ಮಾಡಿದ್ದು ಒಂದೇ ಕೆಲಸ. ಬೇರೆಯವರು ಬಣ್ಣ ಹೊಡೆದು ಒಣಗಿಸಿಟ್ಟ ಗಾಡಿಯ ಪಕ್ಕ ಸ್ಟೂಲು ಎಳೆದುಕೊಂಡು ಕೂರುತ್ತಿದ್ದ. ಟೇಪು ಅಂಟಿಸದೆ, ಸ್ಕೇಲು ಮುಟ್ಟದೆ, ಉಸಿರು ಬಿಗಿಹಿಡಿದು ಉದ್ದ ಕೂದಲಿನ ಕುಂಚದಿಂದ ಈ ತುದಿಯಿಂದ ಆ ತುದಿಗೆ ಒಂದೇ ಎಳೆತಕ್ಕೆ ಗೆರೆ ಎಳೆಯುತ್ತಿದ್ದ. ಅದನ್ನು ನೋಡಲಿಕ್ಕೆಂದೇ ಗಿರಾಕಿಗಳು ಬಂದು ನಿಲ್ಲುತ್ತಿದ್ದರು. ಈಗ ಎರಡು ವರ್ಷದಿಂದ ಬಲಗೈ ನಡುಗಲು ಶುರುವಾಗಿತ್ತು. ಎರಡು ಗಾಡಿಗಳ ಗೆರೆ ಹಾವು ಹರಿದಂತೆ ಬಂತು. ಶೆಡ್ಡಿನ ಯಜಮಾನರು ಬೈಯಲಿಲ್ಲ. ಎಲ್ಲರನ್ನೂ ಸೇರಿಸಿ ಚಹಾ ಕೊಡಿಸಿದರು, ನಾಲ್ಕು ಒಳ್ಳೆಯ ಮಾತಾಡಿದರು. ಅವರ ತಂದೆ ಯಾವತ್ತೋ ತಂದು ಬೀರುವಿನಲ್ಲಿ ಇಟ್ಟಿದ್ದ ಈ ಪೆಟ್ಟಿಗೆಯನ್ನು ತೆಗೆದು ಅಪ್ಪನ ಕೈಗಿತ್ತರು. "ಮಾಡಿ ತನ್ನಿ ಮೇಸ್ತ್ರಿ. ಗೆರೆ ಮಾತ್ರ ನೀವೇ ಎಳೀಬೇಕು. ಆಮೇಲೆ ನೋಡೋಣ," ಎಂದರಂತೆ.

ಆ "ಆಮೇಲೆ ನೋಡೋಣ" ಅನ್ನುವ ಎರಡು ಮಾತನ್ನು ಅಪ್ಪ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದಿದ್ದ. ಗೆರೆ ನೆಟ್ಟಗೆ ಬಂದರೆ ವಾಪಸ್ಸು ಕೆಲಸ. ಅವನ ಲೆಕ್ಕ ಅಷ್ಟು ಸರಳವಾಗಿತ್ತು.

ಕೈ ನಡುಗುವ ವಿಷಯವನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿದವರಲ್ಲ. ಅಮ್ಮ ಮೊದಲಿನಂತೆಯೇ ಅಪ್ಪನ ಲೋಟಕ್ಕೆ ತುಳುಕುವಷ್ಟು ನೀರು ತುಂಬುತ್ತಿದ್ದಳು. ಅಪ್ಪ ಎತ್ತುವಾಗ ಅರ್ಧ ಮೇಜಿನ ಮೇಲೆ ಚೆಲ್ಲುತ್ತಿತ್ತು. "ಈ ಮೇಜಿನ ಕಾಲು ಸರಿಯಿಲ್ಲ ನೋಡಿ," ಎಂದು ಅಮ್ಮ ಒರೆಸುತ್ತಿದ್ದಳು. ಕೊನೆಗೊಂದು ದಿನ ರಟ್ಟು ಮಡಿಸಿ ಒಂದು ಕಾಲಿನ ಕೆಳಗೆ ತುರುಕಿದಳು. ಅಲ್ಲಿಯ ತನಕ ಬಂಡೆಯ ಹಾಗೆ ನಿಂತಿದ್ದ ಮೇಜು ಅಂದಿನಿಂದ ನಿಜವಾಗಿಯೂ ಅಲುಗಾಡತೊಡಗಿತು.

ಈಗ ಆ ಮೇಜೂ ಹೋಯಿತು. ಅಪ್ಪ, ಅಮ್ಮ, ಮಗಳು, ಅವಳ ತಮ್ಮ, ನಾಲ್ಕೂ ಜನ ತಟ್ಟೆ ಹಿಡಿದುಕೊಂಡು ಅಡುಗೆಮನೆಯ ಗೋಡೆಗೆ ಒರಗಿ ಉಣ್ಣುವುದು ಶುರುವಾಯಿತು. ಅಮ್ಮ ಆಲೂಗಡ್ಡೆ ಹೆಚ್ಚುವುದು ನೆಲದ ಮೇಲೆ, ಇಸ್ತ್ರಿ ಮಂಚದ ಮೇಲೆ. ಲೋಟ ಚೆಲ್ಲಿದರೆ ಈಗ, "ನಿಂತು ಕುಡಿದರೆ ಇನ್ನೇನಾಗುತ್ತೆ," ಎನ್ನುತ್ತಿದ್ದಳು.

ಮೊದಲ ದಿನವೇ ಒಂದು ಎಡವಟ್ಟಾಯಿತು. ಪೆಟ್ಟಿಗೆಯೊಳಗೆ ತೆಳುವಾದ ಒಂದು ಹಾಳೆಯಿತ್ತು. ಅದರ ಮೇಲೆ ಕಾರಿನ ನಂಬರು, ಆ ಎರಡು ಕೆಂಪು ಗೆರೆ, ಎಲ್ಲವೂ ಅಚ್ಚಾಗಿದ್ದವು. ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸಿದರೆ ಕೆಲಸ ಮುಗಿಯಿತು. ಅಪ್ಪ ಅದನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ಹಿಡಿದವನಂತೆ ಮೂಗು ಮುರಿದು, "ಸ್ಟಿಕ್ಕರು. ಮೇಸ್ತ್ರಿ ಮನೆಗೆ ಸ್ಟಿಕ್ಕರು ಕಳಿಸಿದ್ದಾರೆ," ಎಂದು ಪಾತ್ರೆ ತೊಳೆಯುವ ತೊಟ್ಟಿಗೆ ಎಸೆದುಬಿಟ್ಟ. ಬೆಳಿಗ್ಗೆ ನೋಡಿದರೆ ಗೆರೆಗಳು ಚೂರು ಚೂರಾಗಿ ನೀರಿನಲ್ಲಿ ಹೋಗಿದ್ದವು. ಕಾರಿನ ಆರನೇ ನಂಬರು ಮಾತ್ರ ಒಂದು ಸಾಸರಿನ ತಳಕ್ಕೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಎಷ್ಟು ಉಜ್ಜಿದರೂ ಬಿಡಲಿಲ್ಲ. ರೇಸಿಗೆ ಇದನ್ನೇ ಕಳಿಸೋಣ ಎಂದು ಅಮ್ಮ ನಕ್ಕಳು, ಅಪ್ಪನೂ ನಕ್ಕ.

ಮಗಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಅಂಗಡಿಯ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು, ಸಾಸಿವೆ ಕಾಳಿನಷ್ಟು ಸ್ಕ್ರೂಗಳನ್ನು ಚಿಮಟದಿಂದ ಹಿಡಿದು ತಿರುಗಿಸುವುದು. ಅವಳ ಕೈ ಅಪ್ಪನ ಕೈಯೇ ಎಂದು ಅಮ್ಮ ಅನ್ನುತ್ತಿದ್ದದ್ದುಂಟು. ಸಂಜೆ ಅವಳು ಬರುವುದನ್ನೇ ಅಪ್ಪ ಕಾಯುತ್ತಿದ್ದ. ಮೊದಲ ವಾರ, "ಇದನ್ನು ಸ್ವಲ್ಪ ಹಿಡ್ಕೋ ಮಗಾ," ಎಂದ. ಎರಡನೇ ವಾರ, "ಹಿಡ್ಕೊಂಡಿದ್ದೀಯಲ್ಲ, ಹಾಗೇ ಅಂಟಿಸಿಬಿಡು," ಎಂದ. ಮೂರನೇ ವಾರದ ಹೊತ್ತಿಗೆ ಚಕ್ರದ ಕಡ್ಡಿಗಳು, ಎಂಜಿನ್ನಿನ ಕೊಳವೆಗಳು, ಹೆಬ್ಬೆರಳ ಉಗುರಿನಷ್ಟು ಸೀಟು, ಎಲ್ಲ ಅವಳ ಕೈಯಲ್ಲೇ ಆಗುತ್ತಿತ್ತು. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಪುಸ್ತಕ ನೋಡಿ ಹೇಳುತ್ತಿದ್ದ, ಬೈಯುತ್ತಿದ್ದ, ಮೆಚ್ಚುತ್ತಿದ್ದ. ಮೈಗೆ ಬಣ್ಣ ಹೊಡೆದದ್ದು ಮಾತ್ರ ಅವನೇ. ಡಬ್ಬಿ ಒತ್ತಿ ಚಿಮುಕಿಸುವ ಬಣ್ಣಕ್ಕೆ ನಡುಗುವ ಕೈಯಾದರೂ ನಡೆಯುತ್ತದೆ. ಮೂರು ಸಲ ತೆಳುವಾಗಿ ಹೊಡೆದ ಕೆನೆಬಣ್ಣ ಹಾಲಿನ ಹಾಗೆ ಬಂದಿತ್ತು.

"ಗೆರೆಗೆ ಮಾತ್ರ ನೀನು ಕೈ ಹಾಕಬಾರದು," ಎಂದ ಅಪ್ಪ.

"ನಾನ್ಯಾಕೆ ಹಾಕಲಿ?"

"ಸುಮ್ನೆ ಹೇಳ್ದೆ. ಮನೇಲಿ ಕೂತ್ಕೊಂಡ್ರೆ ನಾನು ಯಾರು ಹೇಳು? ತಟ್ಟೆ ಹಿಡ್ಕೊಂಡು ನಿಂತಿರೋ ನಾಲ್ಕನೆಯವನು."

ಅವಳು ಚಿಮಟ ಒರೆಸಿ ಎತ್ತಿಟ್ಟಳು.

ಅವಳಿಗೆ ಚಿಂತೆ ಹತ್ತಿದ್ದು ತಮ್ಮನದು. ತಮ್ಮನೂ ಅದೇ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಹಳೆಯ ಬಣ್ಣ ಉಜ್ಜುವುದು, ತಗ್ಗುಗಳಿಗೆ ಪುಟ್ಟಿ ತುಂಬಿ ಉಪ್ಪುಕಾಗದ ಹಾಕಿ ನುಣುಪು ಮಾಡುವುದು. ಹತ್ತು ವರ್ಷದಿಂದ ಸಂಜೆ ಮನೆಗೆ ಬಂದರೆ ಹುಬ್ಬಿನ ಮೇಲೆಲ್ಲ ಧೂಳು. ಈಗ ಮೂರು ವಾರದಿಂದ ತಲೆ ಬಾಚಿಕೊಂಡು ಹೋದವನು ಬಾಚಿದ ತಲೆಯಲ್ಲೇ ಬರುತ್ತಿದ್ದ. ಉಗುರುಗಳು ಗುಮಾಸ್ತನ ಉಗುರಿನ ಹಾಗೆ ಚೊಕ್ಕಟ. ಒಂದು ದಿನ ಕೇಳಿದಳು. ಕೆಲಸ ಕಡಿಮೆ ಅಕ್ಕ, ಎಂದು ಮುಖ ತಿರುಗಿಸಿದ. ಸುಳ್ಳು ಅಂತ ಗೊತ್ತಾಯಿತು. ಕೆದಕಿದರೆ ಏನು ಹೊರಬೀಳುತ್ತದೋ ಎಂದು ಹೆದರಿ ಅವಳೂ ಸುಮ್ಮನಾದಳು. ಅಪ್ಪ ದಿನಾ ಊಟಕ್ಕೆ ನಿಂತಾಗ, ನನ್ನ ಸ್ಟೂಲು ಇದೆಯೇನೋ, ಯಾರೂ ಕೂತು ಮುರಿದಿಲ್ಲ ತಾನೇ, ಎಂದು ತಮ್ಮನನ್ನು ಕೇಳುತ್ತಿದ್ದ. ತಮ್ಮ ತಟ್ಟೆ ನೋಡಿಕೊಂಡು, ಇದೆ, ಎನ್ನುತ್ತಿದ್ದ.

ಅಪ್ಪ ಅಭ್ಯಾಸಕ್ಕೆ ಕೂತ. ಹಳೆಯ ಪತ್ರಿಕೆಯ ಮೇಲೆ, ಖಾಲಿ ಡಬ್ಬಿಗಳ ಮೇಲೆ, ಕಡೆಗೆ ಅಮ್ಮನ ಸ್ಟೀಲ್ ತಟ್ಟೆಗಳ ತಳದ ಮೇಲೂ ಕೆಂಪು ಗೆರೆಗಳು ಬಂದವು. ಬೆಳಿಗ್ಗೆ ಎದ್ದ ಮೇಲೆ ಒಂದು ಅರ್ಧ ಗಂಟೆ ಕೈ ಅವನ ಮಾತು ಕೇಳುತ್ತದೆ ಎಂದು ಅವನೇ ಕಂಡುಕೊಂಡ. ಆ ಅರ್ಧ ಗಂಟೆಯಲ್ಲಿ ಎಳೆದ ಗೆರೆಗಳಲ್ಲಿ ಐದಕ್ಕೆ ಒಂದು ನೆಟ್ಟಗಿರುತ್ತಿತ್ತು. ಅಂಥ ಗೆರೆ ಬಿದ್ದ ಒಂದು ತಟ್ಟೆಯನ್ನು ಅಮ್ಮ ತೊಳೆಯದೆ ಗೂಡಿನಲ್ಲಿಟ್ಟಳು. ಮೇಜಿಗಾಗಿ ಗೊಣಗುವುದನ್ನೂ ಆ ವಾರ ನಿಲ್ಲಿಸಿದಳು.

ನಾಲ್ಕನೇ ವಾರದ ಭಾನುವಾರ ಬೆಳಿಗ್ಗೆ ಅಪ್ಪ ಮುಖ ತೊಳೆದು, ತಲೆ ಬಾಚಿ, ಕೆಲಸದ ಅಂಗಿ ಹಾಕಿಕೊಂಡು ಬಂದು ಕೂತ. ಮಗಳು ಕಾರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಮ್ಮ ಬಾಗಿಲಲ್ಲಿ ನಿಂತಳು. ತಮ್ಮ ಎದ್ದೇ ಇರಲಿಲ್ಲ, ಅಥವಾ ಎದ್ದಿಲ್ಲದವನ ಹಾಗೆ ಮಲಗಿದ್ದ.

ಕುಂಚ ಮೂತಿಗೆ ತಾಗಿತು. ಗೆರೆ ಹೊರಟಿತು. ಹೊರಟು ಬಾನೆಟ್ಟಿನ ಮೇಲೆ ಹರಿದು, ಅದನ್ನು ಬಿಗಿದ ಚರ್ಮದ ಪಟ್ಟಿಯ ಪಕ್ಕದಲ್ಲಿ ಹಾದು, ನೂಲು ಹಿಡಿದ ಹಾಗೆ ಗಾಜಿನ ತನಕ ಬಂತು. ತುದಿಗೆ ಇನ್ನು ಬೆರಳುದ್ದ ಇದೆ ಎನ್ನುವಾಗ ಕುಂಚ ತಟಕ್ಕನೆ ಹಾರಿ ಪಕ್ಕಕ್ಕೆ ಒಂದು ಸೊಟ್ಟ ಬಾಲ ಎಳೆಯಿತು.

ಅಪ್ಪ ಮೂವತ್ತೈದು ವರ್ಷ ಗೆರೆ ತಪ್ಪಿದಾಗಲೆಲ್ಲ ಏನು ಮಾಡುತ್ತಿದ್ದನೋ ಅದನ್ನೇ ಮಾಡಿದ. ಹೆಗಲ ಮೇಲಿನ ಬಟ್ಟೆ ಎಳೆದು, ಶೆಡ್ಡಿನಿಂದ ತಂದಿಟ್ಟಿದ್ದ, ಬಣ್ಣ ಕರಗಿಸುವ ಥಿನ್ನರಿನ ಬಾಟಲಿಗೆ ಅದ್ದಿ, ಎರಡು ಬೆರಳು ಒತ್ತಿ ಒರೆಸಿದ. ಕಬ್ಬಿಣದ ಗಾಡಿಯಾಗಿದ್ದರೆ ಹಸಿ ಗೆರೆ ಗುರುತಿಲ್ಲದೆ ಹೋಗುತ್ತಿತ್ತು. ಇದು ಪ್ಲಾಸ್ಟಿಕ್ ಅಪ್ಪ, ಎಂಬ ಮಾತು ಅವಳ ಗಂಟಲ ತನಕ ಬಂತು. ಅಷ್ಟರಲ್ಲಿ ಆಗಿಹೋಗಿತ್ತು. ಈ ಒಂದು ಕೆಲಸದಲ್ಲಿ ಆ ಕೈ ಇನ್ನೂ ಚುರುಕಾಗಿತ್ತು. ಕೆನೆಬಣ್ಣ ಕಿತ್ತುಬಂತು, ಕೆಳಗಿನ ಪ್ಲಾಸ್ಟಿಕ್ ಬೆಣ್ಣೆಯ ಹಾಗೆ ಮೆತ್ತಗಾಯಿತು. ಗಾಜಿನ ಹಿಂದೆ ಅಪ್ಪನ ಎರಡು ಬೆರಳ ಗುರುತು ಆಳವಾಗಿ ಮೂಡಿ ನಿಂತಿತು.

ಮಧ್ಯಾಹ್ನ ಊಟಕ್ಕೆ ನಾಲ್ವರೂ ಗೋಡೆಗೆ ಒರಗಿ ನಿಂತರು. ಮೊಟ್ಟೆ, ಬ್ರೆಡ್ಡು, ಬೇಯಿಸಿದ ಹುರುಳಿಕಾಯಿ. ಸಾಕು ಬಿಡಿ, ಮೇಜು ಖಾಲಿ ಮಾಡಿ, ಮನುಷ್ಯರ ಹಾಗೆ ಕೂತು ಉಣ್ಣೋಣ ಎಂದಳು ಅಮ್ಮ. ಮೆತ್ತಗೇ ಹೇಳಿದ್ದಳು.

"ಇನ್ನೊಂದು ತಿಂಗಳು ತಡ್ಕೋ," ಎಂದ ಅಪ್ಪ. "ತಗ್ಗು ಮುಚ್ಚಿ ಮತ್ತೆ ಬಣ್ಣ ಹೊಡೀತೀನಿ. ಗಾಜಿನ ತನಕ ನೆಟ್ಟಗೆ ಬಂದಿತ್ತು, ನೀನೇ ನೋಡಿದೆಯಲ್ಲ. ಯಜಮಾನರು ಕಾಯ್ತಿರ್ತಾರೆ."

"ಯಾರೂ ಕಾಯ್ತಿಲ್ಲ ಅಪ್ಪ," ಎಂದ ತಮ್ಮ.

ಅಪ್ಪ ತಿರುಗಿ ನೋಡಿದ.

"ಅಲ್ಲಿ ನಿಮ್ಮ ಸ್ಟೂಲೇ ಇಲ್ಲ. ನೀವು ಬಿಟ್ಟ ವಾರವೇ ತೆಗೆದುಹಾಕಿದ್ರು. ಆ ಜಾಗದಲ್ಲಿ ಮೆಷಿನ್ನು ಬಂದು ಕೂತಿದೆ. ಕಂಪ್ಯೂಟರಿನಲ್ಲಿ ಗೆರೆ ಬರೆದರೆ ಸ್ಟಿಕ್ಕರು ಕತ್ತರಿಸಿ ಕೊಡುತ್ತೆ. ಹತ್ತು ನಿಮಿಷಕ್ಕೆ ಒಂದು ಗಾಡಿ."

"ಅದನ್ನು ನಡೆಸೋನು ಯಾರು?"

ತಮ್ಮ ಬ್ರೆಡ್ಡಿನ ಚೂರನ್ನು ತಟ್ಟೆಯ ಅಂಚಿಗೆ ಸರಿಸಿದ. ಮಗಳು ಅವನ ಉಗುರುಗಳನ್ನೇ ನೋಡುತ್ತಿದ್ದಳು.

"ಕೇಳಿದ್ದು ಕೇಳಿಸ್ಲಿಲ್ವಾ?"

"ನಾನೇ," ಎಂದ ತಮ್ಮ. "ನಾನು ಒಲ್ಲೆ ಅಂದಿದ್ರೆ ಇನ್ಯಾರನ್ನೋ ಕೂರಿಸ್ತಿದ್ರು. ಎದೆಯೊಳಗೆಲ್ಲ ಧೂಳು ತುಂಬ್ಕೊಂಡು ಹತ್ತು ವರ್ಷ ಉಜ್ಜಿದ್ದೀನಿ ಅಪ್ಪ. ಸಾಕಾಗಿತ್ತು."

ಅಪ್ಪ ತಟ್ಟೆಯನ್ನು ಕೆಳಗಿಟ್ಟು ಕೋಣೆಗೆ ಹೋದ. ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು, ಎಂದು ತಮ್ಮ ಆಮೇಲೆ ಅವಳ ಹತ್ತಿರ ಹೇಳಿಕೊಂಡ. ನೀನು ಮೊದಲೇ ಹೇಳಬೇಕಿತ್ತು ಎಂದಳು ಅವಳು. ಹೇಳಿ ಏನು ಮಾಡಬೇಕಿತ್ತು ಅಕ್ಕ, ಎಂದ. ಅದೂ ಸರಿಯೇ.

ಎಂಟು ದಿನ ಮನೆಯಲ್ಲಿ ಅಪ್ಪ ಮಗನಿಗೆ ಮಾತಿಲ್ಲ. ತಮ್ಮ ಬರುವ ಹೊತ್ತಿಗೆ ಅಪ್ಪನ ಊಟ ಮುಗಿದಿರುತ್ತಿತ್ತು. ಅಮ್ಮ ಎರಡೆರಡು ಸಲ ಪಾತ್ರೆ ಬಿಸಿ ಮಾಡಿ ಬೇಸತ್ತು ಇಬ್ಬರನ್ನೂ ಸೇರಿಸಿ ಶಪಿಸುತ್ತಿದ್ದಳು. ಮೇಜಿನ ಮೇಲೆ ಕಾರು ಬೆರಳ ಗುರುತು ಹೊತ್ತುಕೊಂಡು ಹಾಗೇ ಕೂತಿತ್ತು. ನೋಡಲಾಗದೆ ಮಗಳೇ ಕೈಹಾಕಿದಳು. ತಮ್ಮ ತಂದುಕೊಟ್ಟ ಪುಟ್ಟಿಯನ್ನು ಕಡ್ಡಿಯ ತುದಿಯಲ್ಲಿ ತೆಗೆದು ಗುರುತುಗಳೊಳಗೆ ತುಂಬಿ, ಒಣಗಿದ ಮೇಲೆ ನೀರು ಹಾಕಿ ಉಜ್ಜಿದಳು. ಬೆರಳಿನ ಸಣ್ಣ ಸಣ್ಣ ಸುತ್ತುಗಳು ಒಂದೊಂದಾಗಿ ಮಾಯವಾದವು. ಹಾಗೆ ಅಳಿಸುವಾಗ ಅವಳಿಗೆ ಕಣ್ಣು ತುಂಬಿ ಬಂತು. ಒರೆಸಿಕೊಂಡು ಮತ್ತೆ ಉಜ್ಜಿದಳು. ಮೇಲೆ ಕೆನೆಬಣ್ಣವನ್ನೂ ಅವಳೇ ಹೊಡೆದಳು. ಅಪ್ಪನಷ್ಟು ಚೆನ್ನಾಗಿ ಬರಲಿಲ್ಲ, ತಪ್ಪು ಹುಡುಕುವ ಹಾಗೂ ಇರಲಿಲ್ಲ.

ಒಂಬತ್ತನೆಯ ದಿನ ಅಪ್ಪ ಊಟ ಮಾಡದೆ ಕಾದ. ತಮ್ಮ ಒಳಗೆ ಬಂದವನು ಚಪ್ಪಲಿಯಲ್ಲೇ ನಿಂತುಬಿಟ್ಟ.

"ನಿನ್ನ ಮೆಷಿನ್ನು ಎಷ್ಟು ಸಣ್ಣ ಗೆರೆ ಕತ್ತರಿಸುತ್ತೆ?" ಎಂದ ಅಪ್ಪ.

ತಮ್ಮ ಚಪ್ಪಲಿ ಬಿಟ್ಟ. ಆಮೇಲೆ ಸ್ಕೇಲು ತಂದು, ಬಗ್ಗಿ, ಮೂತಿಯಿಂದ ಬಾಲಕ್ಕೆ ಅಳತೆ ತೆಗೆದ. ಮಾರನೆಯ ಸಂಜೆ ಎರಡು ಕೆಂಪು ಎಳೆಗಳು ಬಂದವು. ಮಗಳು ಚಿಮಟದಿಂದ ಎತ್ತಿ ಕೂರಿಸಿದಳು, ತಮ್ಮ ಒತ್ತಿದ, ಮೇಲೊಂದು ವಾರ್ನಿಷ್ ಪದರ ಹೊಡೆದರು. ಅಪ್ಪ ಒಣಗಿದ ಮೇಲೆ ಉಗುರಿನಿಂದ ಗೆರೆಯ ಅಂಚನ್ನು ಸವರಿ ನೋಡಿದ. ಅಂಚು ಸಿಗಲಿಲ್ಲ. ಇನ್ನೊಮ್ಮೆ ಸವರಿದ. ಚೆನ್ನಾಗಿದೆ, ಎಂದ. ಆ ರಾತ್ರಿ ಅಪ್ಪ ಮಗ ಒಟ್ಟಿಗೆ ಗೋಡೆಗೆ ಒರಗಿ ಉಂಡರು.

ಶನಿವಾರ ಮಗಳಿಗೆ ಅರ್ಧ ದಿನ ರಜೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕಾರನ್ನು ಹಳೆಯ ಪೆಟ್ಟಿಗೆಯಲ್ಲೇ ಬಟ್ಟೆ ಸುತ್ತಿ ಇಟ್ಟು, ಅವಳ ಕೈಗೆ ಕೊಟ್ಟು ಹೊರಟ. ದಾರಿಯಲ್ಲಿ ಒಂದೇ ಮಾತು ಆಡಿದ.

"ಗೆರೆ ವಿಷಯ ನೀನೇನೂ ಎತ್ತಬೇಡ. ನಾನು ನೋಡ್ಕೋತೀನಿ."

ಅವಳು ಹೂಂ ಎಂದಳು. ಸುಳ್ಳು ಹೇಳಲು ಹೊರಟಿದ್ದಾನೆ ಎಂದು ಗೊತ್ತಾಯಿತು. ಹೇಳಲಿ, ಎಂದುಕೊಂಡಳು. ಮೆಷಿನ್ನಿನ ಪಕ್ಕ ಒಂದು ಸ್ಟೂಲು, ಬಂದವರಿಗೆ ಬಣ್ಣ ಆರಿಸಿಕೊಡುವ ಒಂದು ಕೆಲಸ, ಅಷ್ಟು ಸಿಕ್ಕಿದರೂ ಸಾಕಿತ್ತು. ಈ ಒಂದು ಸುಳ್ಳು ನಡೆದುಹೋಗಲಿ ಎಂದು ದಾರಿಯುದ್ದಕ್ಕೂ ಅವಳು ಆಸೆಪಟ್ಟಳು.

ಶೆಡ್ಡಿನ ಬಾಗಿಲಲ್ಲೇ ಥಿನ್ನರಿನ ವಾಸನೆ ಬಂತು. ಅಪ್ಪ ಒಮ್ಮೆ ಮೂಗಿನ ತುಂಬ ಎಳೆದುಕೊಂಡ. ಮೂಲೆಯಲ್ಲಿ ಗಾಜಿನ ಮುಚ್ಚಳದ ಮೆಷಿನ್ನು, ಅದರ ಮುಂದೆ ತಮ್ಮ. ಯಜಮಾನರು ನಿಜವಾಗಿ ಸಂತೋಷಪಟ್ಟರು. ಕೊಟ್ಟದ್ದೇ ಮರೆತುಹೋಗಿತ್ತು ನೋಡಿ ಮೇಸ್ತ್ರಿ, ಎಂದು ನಗುತ್ತಾ ಕಾರನ್ನು ಬೆಳಕಿಗೆ ಹಿಡಿದರು. ಕಡ್ಡಿಚಕ್ರ ತಿರುಗಿಸಿದರು. ಗೆರೆಯ ಮೇಲೆ ಕಣ್ಣು ನೆಟ್ಟು ತುಂಬ ಹೊತ್ತು ನೋಡಿದರು.

"ಗೆರೆ ನೀವೇ ಎಳೆದದ್ದಾ?"

ಅಪ್ಪನ ಬಲಗೈ ಜೇಬಿನಲ್ಲಿತ್ತು. "ಮತ್ತೆ?" ಎಂದ.

"ಕೈ ಸರಿಹೋಗಿದೆ ಹಾಗಾದ್ರೆ. ಒಳ್ಳೆ ಹೊತ್ತಿಗೆ ಬಂದ್ರಿ ಮೇಸ್ತ್ರಿ. ಹಳೇ ಗಾಡಿ ಒಂದು ಬಂದಿದೆ ನೋಡಿ ಅಲ್ಲಿ. ಗಿರಾಕಿ ಹಠಮಾರಿ, ಸ್ಟಿಕ್ಕರು ಬೇಡ, ಕೈಯಲ್ಲೇ ಎಳೀಬೇಕು ಅಂತ ಕೂತಿದ್ದಾನೆ. ಹದಿನೈದು ದಿನದಿಂದ ಹುಡುಕ್ತಿದ್ದೀನಿ, ಎಲ್ಲೂ ಜನ ಇಲ್ಲ. ಸೋಮವಾರದಿಂದಲೇ ಬನ್ನಿ. ಇಂಥವು ಇನ್ನೂ ಬರ್ತವೆ."

ಶೆಡ್ಡಿನ ನಡುವೆ ಕಡುನೀಲಿ ಬಣ್ಣದ ಉದ್ದನೆಯ ಗಾಡಿ ನಿಂತಿತ್ತು. ಬಣ್ಣ ಒಣಗಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಮೈಮೇಲೆ ಒಂದು ಗೆರೆಯೂ ಇರಲಿಲ್ಲ. ಅಪ್ಪ ಅದರ ಹತ್ತಿರ ಹೋದ. ಮುಂದಿನ ದೀಪದಿಂದ ಹಿಂದಿನ ಬಾಗಿಲ ತನಕ ಕಣ್ಣಲ್ಲೇ ಒಂದು ಎಳೆತ ಎಳೆದ. ಆಮೇಲೆ ಜೇಬಿನಿಂದ ಕೈ ತೆಗೆದು ನೋಡಿಕೊಂಡ. ತಮ್ಮ ಮೆಷಿನ್ನಿನ ಮುಂದಿಂದ ಎದ್ದಿದ್ದ.

"ಅದು ನಾನು ಎಳೆದದ್ದಲ್ಲ ಯಜಮಾನ್ರೇ," ಎಂದ ಅಪ್ಪ. "ನನ್ನ ಮಗ ಕತ್ತರಿಸಿದ್ದು. ನಿಮ್ಮ ಮೆಷಿನ್ನಲ್ಲೇ. ಅಂಟಿಸಿದ್ದು ಮಗಳು."

ಯಜಮಾನರು ಕಾರನ್ನು ಮತ್ತೆ ಎತ್ತಿ ಹಿಡಿದರು. ಈ ಸಲ ಮೊದಲಿಗಿಂತ ಹತ್ತಿರದಿಂದ ನೋಡಿದರು, ಉಗುರಿನಿಂದ ಸವರಿದರು.

"ಸ್ಟಿಕ್ಕರಾ ಇದು? ನನಗೇ ಗೊತ್ತಾಗ್ಲಿಲ್ವಲ್ಲ!" ತಮ್ಮನ ಬೆನ್ನು ತಟ್ಟಿದರು. "ಆ ಗಿರಾಕಿಗೆ ಇದನ್ನೇ ತೋರಿಸ್ತೀನಿ. ಒಪ್ಪಿಕೊಳ್ಳದೆ ಎಲ್ಲಿ ಹೋಗ್ತಾನೆ."

ಹಾಗೆಂದು ಕಾರನ್ನು ಮೆಷಿನ್ನಿನ ಗಾಜಿನ ಮುಚ್ಚಳದ ಮೇಲೆ, ಒಳಗೆ ಬಂದವರಿಗೆ ಮೊದಲು ಕಾಣುವ ಹಾಗೆ, ಮೂತಿ ಬಾಗಿಲ ಕಡೆಗೆ ಮಾಡಿ ಇಟ್ಟರು. ಅಪ್ಪನಿಗೆ ಚಹಾ ತರಿಸುತ್ತೇನೆಂದರು. ಅಪ್ಪ ಬೇಡವೆಂದ.

ಮನೆಗೆ ಬಂದಾಗ ಅಮ್ಮ ಅಪ್ಪನ ಮುಖ ಒಮ್ಮೆ ನೋಡಿದಳು, ಖಾಲಿ ಪೆಟ್ಟಿಗೆಯನ್ನು ಒಮ್ಮೆ ನೋಡಿದಳು. ಮೇಜಿನ ಮೇಲಿನ ಅಂಟಿನ ಕಲೆಗಳನ್ನು ಚಾಕುವಿನಿಂದ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಐದು ವಾರದಿಂದ ಮಡಿಸಿಟ್ಟಿದ್ದ ಹೊದಿಕೆ ಹಾಸಿದಳು. ತಮ್ಮ ಬಂದ ಮೇಲೆ ನಾಲ್ವರೂ ಕೂತರು. ಅಮ್ಮ ನಾಲ್ಕು ಲೋಟ ಇಟ್ಟು ನೀರು ಹಾಕಿದಳು. ಮೂರು ಲೋಟ ತುಂಬಿದವು. ಅಪ್ಪನ ಲೋಟಕ್ಕೆ ಬಂದಾಗ ಅರ್ಧಕ್ಕೇ ಚೆಂಬು ಎತ್ತಿಬಿಟ್ಟಳು.

ಅದನ್ನು ಎಲ್ಲರೂ ನೋಡಿದರು. ಅಪ್ಪನೂ ನೋಡಿದ. ಲೋಟ ಎತ್ತಿ ಕುಡಿದ. ಒಂದು ಹನಿಯೂ ಚೆಲ್ಲಲಿಲ್ಲ.

"ಕಾಲಿನ ಕೆಳಗಿರೋ ಆ ರಟ್ಟು ತೆಗೆದುಬಿಡು ಮಗಾ," ಎಂದ ಮಗಳಿಗೆ. "ಮೇಜು ಸರಿಯಾಗೇ ಇದೆ."

ಅವಳು ಬಗ್ಗಿ ರಟ್ಟನ್ನು ಎಳೆದು ತೆಗೆದಳು. ಮೇಜು ನೆಲಕ್ಕೆ ಕೂತಿತು. ಆಮೇಲೆ ಅದು ಅಲುಗಾಡಲಿಲ್ಲ.